ಒಲೆ ತೋರಿಸುವ ಮೊದಲು

ಲೊಂಬೆಯ ಮನೆಯಲ್ಲಿ ಮಾರುವ ಐಸನ್ನು ಕಬಾಸೊ ತಿನ್ನುವುದಿಲ್ಲ. ಈ ಚಿಂತೆ ಅವಳನ್ನು ಕೆಲವು ವಾರಗಳಿಂದ ಕಾಡುತ್ತಿತ್ತು. ಇಷ್ಟು ಚಿಕ್ಕ ವಿಷಯಕ್ಕೆ ಯಾರಾದರೂ ಚಿಂತೆ ಮಾಡುತ್ತಾರೆಯೇ ಎಂದು ತನ್ನನ್ನೇ ಕೇಳಿಕೊಂಡಳು. ಮಾಡುತ್ತಾರೆ, ನನ್ನಂಥವರು ಮಾಡುತ್ತಾರೆ ಎಂದು ತಾನೇ ಒಪ್ಪಿಕೊಂಡಳು. ಡೈರಿ ತೆರೆದು "ಇವತ್ತೂ ತಿನ್ನಲಿಲ್ಲ" ಎಂದಷ್ಟೇ ಬರೆದು, ನಾಚಿಕೆಯಾಗಿ ಮುಚ್ಚಿಟ್ಟಳು.

ಮಳೆಗಾಲ ಶುರುವಾಗಬೇಕಾದ ನವೆಂಬರ್ ಬಂದಿತ್ತು, ಮಳೆ ಬಂದಿರಲಿಲ್ಲ. ಗಣಿಗಳ ಊರಾದ ಕಿಟ್ವೆಯ ಮೇಲೆ ಆಕಾಶ ಕಾದ ಬಾಣಲೆಯ ಹಾಗೆ ಕವುಚಿಕೊಂಡಿತ್ತು. ಇಂಥ ಬಿಸಿಲಲ್ಲಿ ಬನಾ ಲೊಂಬೆಯ ಗೇಟಿನ ಮುಂದೆ ಸದಾ ಜನ. ಬನಾ ಲೊಂಬೆ, ಅಂದರೆ ಲೊಂಬೆಯ ಅಮ್ಮ. ಬೀದಿಯವರೆಲ್ಲ ಆಕೆಯನ್ನು ಮಗಳ ಹೆಸರಿನಿಂದಲೇ ಕರೆಯುವುದು. ಗೇಟಿನ ಪಕ್ಕದ ಗೋಡೆಯ ಮೇಲೆ ಲೊಂಬೆ ತಾನೇ ಬರೆದ ನೀಲಿ ಅಕ್ಷರಗಳು: ಮಾವು, ದೊಡ್ಡಹುಣಸೆ, ಶುಂಠಿ. ಉದ್ದನೆಯ ಪ್ಲಾಸ್ಟಿಕ್ ಕೊಳವೆಗಳಲ್ಲಿ ಗಟ್ಟಿಯಾದ ಈ ಐಸನ್ನು ಕೊಂಡವರು ಅಲ್ಲಿಯೇ ಮೂಲೆಯನ್ನು ಹಲ್ಲಿನಿಂದ ಕಚ್ಚಿ ಹರಿದು, ಕಣ್ಣು ಮುಚ್ಚಿ ಚೀಪುತ್ತಾರೆ. ತನ್ನ ಕೈಯಾರೆ ಮಾಡಿದ ಐಸನ್ನು ಚೀಪುವ ಆ ಮುಖಗಳನ್ನು ಪರದೆಯ ಸಂದಿಯಿಂದ ನೋಡುವುದು ಲೊಂಬೆಗೆ ಇಷ್ಟ. ಯುನಿವರ್ಸಿಟಿ ಮುಗಿಸಿ, ಕೆಲಸದ ಕರೆಗಾಗಿ ಕಾಯುತ್ತಿದ್ದ ಅವಳಿಗೆ ಆ ಬೇಸಿಗೆಯಲ್ಲಿ ಸಿಕ್ಕಿದ್ದ ಮರ್ಯಾದೆಯೆಂದರೆ ಅದೊಂದೇ.

ಕಬಾಸೊ ಮಾತ್ರ ಹಾಗಲ್ಲ. ಪಕ್ಕದ ಹೈಸ್ಕೂಲಿಗೆ ಹೊಸದಾಗಿ ಬಂದ ಗಣಿತದ ಮೇಷ್ಟ್ರು ಅವನು. ಉದ್ದನೆಯ ಆಳು, ನಿಧಾನದ ಮಾತು. ನಗು ಬಂದರೆ ಕತ್ತಿನ ಹಿಂದೆ ಕೈಯಿಟ್ಟು ಉಜ್ಜಿಕೊಳ್ಳುತ್ತಾನೆ. ಶನಿವಾರ ಶನಿವಾರ ಬಂದು ಮಾವಿನ ಐಸು ಕೊಳ್ಳುತ್ತಾನೆ. ಮೂಲೆ ಕಚ್ಚುವುದಿಲ್ಲ. ಕಾಗದದಲ್ಲಿ ಸುತ್ತಿಕೊಂಡು, ಬೆವರುತ್ತಾ, ಹಾಗೆಯೇ ಹೊತ್ತೊಯ್ಯುತ್ತಾನೆ. ಅಮ್ಮ ಅಂಗಳಕ್ಕೆ ಬಂದರಂತೂ ಮುಖವನ್ನು ದಾಸವಾಳದ ಬೇಲಿಯತ್ತ ತಿರುಗಿಸಿಬಿಡುತ್ತಾನೆ.

"ನಿನ್ನ ಮೇಷ್ಟ್ರು ದಾಸವಾಳದ ಗಿಡಕ್ಕೆ ನಮಸ್ಕಾರ ಹೇಳಿ ಹೋದ ನೋಡು," ಎಂದು ಅಮ್ಮ ಮೂಗು ಮುರಿದಳು. "ಮಾತಾಡಿಸಿದ್ರೆ ಬಾಯಿ ಸವೆಯುತ್ತಾ ಅವನಿಗೆ?"

"ನನ್ನ ಮೇಷ್ಟ್ರು ಯಾಕಾಗ್ತಾರಮ್ಮ," ಎಂದಳು ಲೊಂಬೆ. ಅವಳ ಕಿವಿ ಬಿಸಿಯಾಗಿತ್ತು.

ಒಂದು ಶನಿವಾರ ಅಮ್ಮ ಚರ್ಚಿಗೆ ಹೋಗಿದ್ದಾಗ ಅವನು ಗೇಟಿನ ಬಳಿ ಸ್ವಲ್ಪ ಹೊತ್ತು ನಿಂತ. ಜಗಲಿಯ ಕಡೆ ಕೈ ತೋರಿಸಿದ.

"ಆ ದೀಪದ ಸುತ್ತ ಚಿತೆಂಗೆ ಬಟ್ಟೆ ಹಾಕಿ ಹೊಲಿದಿರೋದು ಯಾರು?"

"ನಾನೇ."

"ಪೇಂಟ್ ಡಬ್ಬಿಗಳಲ್ಲಿ ಗಿಡ?"

"ನಾನೇ."

"ಬಾಗಿಲಿಗೆ ಆ ಹಸಿರು? ಅದೂ ನೀವೇ ಅಂತೀರಾ?"

ಲೊಂಬೆ ತಲೆಯಾಡಿಸಿದಳು. ಅವನ ಕೈ ಕತ್ತಿನ ಹಿಂದಕ್ಕೆ ಹೋಯಿತು.

"ಹಾಗಾದ್ರೆ ಒಂದು ಉಪಕಾರ ಮಾಡಿ. ನಾನು ಮನೆ ಹುಡುಕ್ತಿದೀನಿ. ಈಗ ಇರೋದು ಯಾರದೋ ಹಿತ್ತಿಲಿನ ಒಂಟಿ ಕೋಣೆ. ಮಂಚ ಹಾಕಿದ್ರೆ ಬಾಗಿಲು ತೆಗೆಯೋಕಾಗಲ್ಲ. ನನ್ನ ಕಣ್ಣಿಗೆ ಎಲ್ಲಾ ಗೋಡೆನೂ ಗೋಡೆನೇ. ನೀವು ಜೊತೆಗೆ ಬಂದು, ಇದು ಮನೆ, ಇದು ಗೋದಾಮು ಅಂತ ಹೇಳಿದ್ರೆ ಸಾಕು."

ಒಬ್ಬಳೇ ಹೋಗುವ ಮಾತೇ ಇರಲಿಲ್ಲ. ಅಪ್ಪ ದೂರದ ಸೊಲ್ವೆಜಿಯ ಗಣಿಯಲ್ಲಿ ಕೆಲಸಕ್ಕಿದ್ದುದರಿಂದ, ಅಪ್ಪನ ಅಕ್ಕ ಡೋರಿಕಾ ಅತ್ತೆ ಮುಂದೆ ಬಂದಳು. ಮದುವೆ, ಮಾತುಕತೆ, ಹುಡುಗಿಯ ಮನಸ್ಸು ಎಲ್ಲವೂ ಸೋದರತ್ತೆಯ ಖಾತೆಗೆ ಸೇರಿದ ವಿಷಯಗಳೆಂದು ಆಕೆ ನಂಬಿದವಳು.

"ನಾನೂ ಬರ್ತೀನಿ. ಬೇರೆಯವರ ಅಡುಗೆಮನೆ ನೋಡೋದು ಅಂದ್ರೆ ನನಗೆ ಸಿನಿಮಾ ನೋಡಿದ ಹಾಗೆ," ಎಂದು ಆಕೆ ಕೊಡೆ ಹುಡುಕತೊಡಗಿದಳು.

ಮೊದಲು ನೋಡಿದ್ದು ಬುಚಿಯ ಕಡೆಯ ಒಂದು ಮನೆ. ಮುಂದಿನ ಭಾಗದಲ್ಲಿ ಮಾಲೀಕನೇ ಇದ್ದ. ರಾತ್ರಿ ಎಂಟರ ಮೇಲೆ ಅತಿಥಿಗಳು ಬರಬಾರದು, ಭಾನುವಾರ ಬಟ್ಟೆ ಒಗೆಯಬಾರದು, ಜೋರಾಗಿ ನಗಬಾರದು ಎಂದು ಅವನು ಹೇಳುತ್ತಲೇ ಇದ್ದ.

"ಉಸಿರಾಡಬಹುದಾ ಅಪ್ಪಾ?" ಎಂದು ಡೋರಿಕಾ ಅತ್ತೆ ವಿನಯದಿಂದ ಕೇಳಿದಳು.

ಕಬಾಸೊ ಲೊಂಬೆಯನ್ನು ನೋಡಿದ. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಕಿಟಕಿ ಎಲ್ಲಿದೆಯೆಂದು ಹುಡುಕುತ್ತಿದ್ದಳು. ಕಿಟಕಿ ಇರಲಿಲ್ಲ. ಅವಳ ತುಟಿಯ ಒಂದು ಮೂಲೆ ಇಷ್ಟೇ ಇಷ್ಟು ಕೆಳಗಿಳಿಯಿತು.

"ಗೋದಾಮು," ಎಂದ ಅವನು ಮೆಲ್ಲಗೆ.

"ನಾನೇನೂ ಹೇಳಲೇ ಇಲ್ಲವಲ್ಲ."

"ನಿಮ್ಮ ತುಟಿ ಹೇಳ್ತು."

ಹಿಂದಿರುಗುವ ದಾರಿಯಲ್ಲಿ ಅವಳಿಗೇ ಆಶ್ಚರ್ಯವಾಗುವಷ್ಟು ಮಾತು ಬಂತು. ಅಡುಗೆಮನೆಗೆ ಬೆಳಗಿನ ಬಿಸಿಲು ಬೀಳಬೇಕು. ಗೋಡೆ ಹಳದಿ ಇರಬೇಕು. ನಿಂಬೆಯ ಹಳದಿಯಲ್ಲ, ಮಾವಿನ ಹಣ್ಣನ್ನು ಸೀಳಿದಾಗ ಓಟೆಯ ಪಕ್ಕದಲ್ಲಿ ಕಾಣುವ ಹಳದಿ. ಪಾತ್ರೆಗಳನ್ನು ಬೀರುವಿನಲ್ಲಿ ಬಚ್ಚಿಡಬಾರದು, ಹಲಗೆಯ ಮೇಲೆ ಕಾಣುವಂತೆ ಜೋಡಿಸಬೇಕು. ಪರದೆಗೆ ಹಳೆಯ ಚಿತೆಂಗೆ, ಒಗೆದು ಒಗೆದು ಬಣ್ಣ ಮೆತ್ತಗಾಗಿರುವಂಥದ್ದು. ಅವನು ಅವಳ ಪಕ್ಕದಲ್ಲಿ ಹೆಜ್ಜೆ ಚಿಕ್ಕದು ಮಾಡಿಕೊಂಡು ನಡೆದ. ನಡುವೆ ಒಮ್ಮೆ, "ಕುರ್ಚಿ ಎಷ್ಟಿರಬೇಕು?" ಎಂದು ಕೇಳಿದ.

"ಎಲ್ಲಿ?"

"ಅಡುಗೆಮನೆಯಲ್ಲಿ."

"ಎರಡು," ಎಂದುಬಿಟ್ಟಳು ಲೊಂಬೆ. ಆಮೇಲೆ ಮನೆ ಮುಟ್ಟುವ ತನಕ ತನ್ನ ಚಪ್ಪಲಿಯನ್ನೇ ನೋಡಿಕೊಂಡು ನಡೆದಳು. ಹಿಂದೆ ಬರುತ್ತಿದ್ದ ಡೋರಿಕಾ ಅತ್ತೆ ಕೊಡೆಯ ಮರೆಯಲ್ಲಿ ಕೆಮ್ಮಿದಳು.

ಮುಂದಿನ ವಾರದ್ದು ಪಾರ್ಕ್‌ಲ್ಯಾಂಡ್ಸ್ ಕಡೆಯ ಹೊಸ ಮನೆ. ನೆಲಕ್ಕೂ ಬಿಳಿ ಟೈಲ್ಸ್, ಗೋಡೆಗೂ ಬಿಳಿ ಟೈಲ್ಸ್, ಅಂಗಳಕ್ಕೂ ಸಿಮೆಂಟು. ಒಂದು ಹುಲ್ಲುಕಡ್ಡಿ ಇಲ್ಲ. ಒಳಗೆ ಮಾತಾಡಿದರೆ ಮಾತು ಗೋಡೆಗೆ ಬಡಿದು ಹಿಂದಿರುಗುತ್ತಿತ್ತು.

"ಆಪರೇಷನ್ ಎಲ್ಲಿ ಮಾಡ್ತಾರೆ?" ಎಂದಳು ಅತ್ತೆ.

ಬಿಸಿಲು ನೆತ್ತಿ ಸುಡುತ್ತಿತ್ತು. ಕಾಂಪೌಂಡಿನ ಹೊರಗೆ ಇದ್ದ ಒಂದೇ ಒಂದು ಮರದ ಕೆಳಗೆ ಕುಳಿತು ಅತ್ತೆ ತನ್ನ ಚೀಲದಿಂದ ದೊಡ್ಡ ಬಾಯಿಯ ಥರ್ಮಾಸ್ ತೆಗೆದಳು. ಅದರಲ್ಲಿ ಲೊಂಬೆ ಮುಂಜಾನೆ ಇಟ್ಟಿದ್ದ ಮಾವಿನ ಐಸು. ಅವನು ಬೇಡವೆನ್ನುತ್ತಾನೆ ಎಂದು ಲೊಂಬೆ ಬೇರೆಡೆ ನೋಡಿದಳು.

ಅವನು ಬೇಡವೆನ್ನಲಿಲ್ಲ. ಮೂಲೆ ಕಚ್ಚಿ ಹರಿದ. ಕಣ್ಣು ಮುಚ್ಚಿದ. ಐಸು ಕರಗಿ ಹಳದಿ ಹನಿಯೊಂದು ಮಣಿಕಟ್ಟಿನ ಮೇಲೆ ಇಳಿದು ತೋಳಿನತ್ತ ಓಡಿತು. ಅವನು ಮಗುವಿನಂತೆ ಅದನ್ನು ನೆಕ್ಕಿ, ಅವಳು ನೋಡಿದ್ದನ್ನು ನೋಡಿ, ನಕ್ಕ. ಇನ್ನೊಂದು ಸಿಗುತ್ತದೆಯೇ ಎಂಬಂತೆ ಥರ್ಮಾಸಿನೊಳಗೆ ಇಣುಕಿದ.

"ಉಪ್ಪು ಹಾಕಿದೀರಾ ಚೂರು?"

"ಚೂರು," ಎಂದಳು ಲೊಂಬೆ.

"ಪ್ರತಿ ವಾರ ಅಂದ್ಕೊಳ್ತಿದ್ದೆ, ಏನಿದೆ ಇದರಲ್ಲಿ ಅಂತ. ರೂಮಿಗೆ ಹೋಗೋಷ್ಟರಲ್ಲಿ ಕರಗಿ ಷರಬತ್ತಾಗಿರುತ್ತೆ. ಆದ್ರೂ ಕುಡೀತೀನಿ."

ಯಾವ ಹುಡುಗಿಗಾದರೂ ಸಂತೋಷವಾಗಬೇಕಾದ ಮಾತು. ಲೊಂಬೆಯ ಎದೆಯಲ್ಲಿ ಮಾತ್ರ ಏನೋ ಚುಚ್ಚಿತು. ಹಾಗಾದರೆ ಐಸಿನ ತಪ್ಪಲ್ಲ. ದೂರದಲ್ಲಿ ತಿನ್ನುತ್ತಾನೆ, ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕುಡಿಯುತ್ತಾನೆ. ಅವರ ಗೇಟಿನ ಮುಂದೆ, ಅವಳ ಅಮ್ಮನ ಕಣ್ಣೆದುರಿಗೆ ಮಾತ್ರ ತಿನ್ನುವುದಿಲ್ಲ. ಮೇಷ್ಟ್ರಿಗೆ ನಾಚಿಕೆ. ಗೇಟಿನಲ್ಲಿ ಐಸು ಮಾರುವವರ ಮನೆಯ ಮುಂದೆ ನಿಂತು ಬಾಯಾಡಿಸುವುದಕ್ಕೆ ನಾಚಿಕೆ. ಅವಳು ಆ ದಿನ ದಾರಿಯುದ್ದಕ್ಕೂ ಯಾವ ಬಣ್ಣದ ಮಾತೂ ಆಡಲಿಲ್ಲ.

ಅಮ್ಮನಿಗೂ ಹೆಚ್ಚು ಕಡಿಮೆ ಇದೇ ಅನುಮಾನವಿತ್ತು. ಆದರೆ ಆಕೆ ಅನುಮಾನವನ್ನು ಒಳಗಿಟ್ಟುಕೊಂಡು ಕೊರಗುವವಳಲ್ಲ. ದಕ್ಷಿಣದ ಚೋಮಾದಿಂದ ಬಂದ ತೋಂಗಾ ಬುಡಕಟ್ಟಿನ ಹೆಂಗಸು. ಮನೆಗೆ ಬಂದವರು ಉಣ್ಣದೆ ಹೋದರೆ ಅವಳ ಪಾಲಿಗೆ ಅದು ಕಪಾಳಕ್ಕೆ ಹೊಡೆದಂತೆ.

"ಭಾನುವಾರ ಅವನನ್ನ ಊಟಕ್ಕೆ ಕರಿ," ಎಂದಳು. "ನಮ್ಮ ಹುಡುಗಿನ ಬೀದಿ ಬೀದಿ ಸುತ್ತಿಸ್ತಾನೆ. ನಮ್ಮ ತಟ್ಟೆಲಿ ಉಣ್ತಾನೋ ಇಲ್ವೋ ನೋಡೇ ಬಿಡೋಣ."

ಭಾನುವಾರ ನಾಟಿ ಕೋಳಿ ಬೆಂದಿತು. ಕುಂಬಳದ ಸೊಪ್ಪಿಗೆ ಕಡಲೆಬೀಜದ ಪುಡಿ ಬಿತ್ತು. ಮೆಕ್ಕೆಜೋಳದ ಬಿಳಿ ಮುದ್ದೆ ಹಬೆಯಾಡುತ್ತಾ ತಟ್ಟೆಗೆ ಇಳಿಯಿತು. ಕಬಾಸೊ ಬಂದ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಒಳಗೆ ಬಾ ಎಂದರೆ ಬರಲಿಲ್ಲ. ಸೂರಿನ ಕೆಳಗೆ ಸ್ಟೂಲಿನ ಮೇಲೆ, ಬಾಗಿಲಿಗೆ ಓರೆಯಾಗಿ ಕುಳಿತ.

ಲೊಂಬೆ ಬೋಗುಣಿ ಮತ್ತು ನೀರಿನ ಜಗ್ಗು ಹಿಡಿದು ಅವನೆದುರು ಮಂಡಿಯೂರಿದಳು. ಕೈ ತೊಳೆಯಲು ನೀರು ಹಾಕಬೇಕು. ಅವನು ಕೈ ಚಾಚಬೇಕು. ಅವನ ಕೈಗಳು ಅವನ ಮೊಣಕಾಲಿನ ಮೇಲೆಯೇ ಇದ್ದವು. ಬೆರಳ ತುದಿಯಲ್ಲಿ ಸೀಮೆಸುಣ್ಣದ ಬಿಳಿ ಇನ್ನೂ ಉಳಿದಿತ್ತು. ಅವಳು ಕಣ್ಣೆತ್ತಿದಳು. ಅವನು ಅವಳನ್ನೇ ನೋಡುತ್ತಿದ್ದ. ಬೇಡವೆನ್ನುವವರ ನೋಟವಾಗಿರಲಿಲ್ಲ ಅದು. ಅದು ಏನೆಂದು ಅವಳಿಗೆ ಓದಲಾಗಲಿಲ್ಲ.

"ಕ್ಷಮಿಸಿ. ನನಗೆ ಹಸಿವಿಲ್ಲ," ಎಂದ.

ಆಗಲೇ ಅವನ ಹೊಟ್ಟೆ ಗುರ್ ಎಂದಿತು. ಒಳಗಿನ ಕೋಣೆಗೂ ಕೇಳುವಷ್ಟು ಜೋರಾಗಿ.

"ನೀರಾದ್ರೂ ಕುಡೀತಾರಾ ಕೇಳು," ಎಂದಳು ಅಮ್ಮ ಬಾಗಿಲಿನಿಂದ. ಅವನು ತಕ್ಷಣ ಎದ್ದು, ಮುಖ ತಗ್ಗಿಸಿ, ಆಕೆಗೆ ಬೆನ್ನು ಕಾಣದಂತೆ ಎರಡು ಹೆಜ್ಜೆ ಹಿಂದೆ ಸರಿದ. ನೀರೂ ಬೇಡವೆಂದ. ಅವನು ಹೋದ ಮೇಲೆ ಅಮ್ಮ ಗೇಟು ಹಾಕಿದ ಸದ್ದು ಬೀದಿಯ ಆ ತುದಿಗೂ ಕೇಳಿಸಿತು.

"ನಮ್ಮ ತಟ್ಟೆ ಅವನಿಗೆ ಹೊಲಸಾ? ಮುಗೀತು. ಇನ್ನು ಅವನ ಜೊತೆ ಮನೆ ನೋಡೋಕೆ ಹೋಗೋದು ಬೇಡ. ಅವನಿಗೆ ಯಾವ ಬಿಲ ಬೇಕೋ ಅವನೇ ಹುಡುಕ್ಕೊಳ್ಲಿ."

ಲೊಂಬೆ ತುಂಬಿದ ಜಗ್ಗನ್ನು ಹಾಗೆಯೇ ಎತ್ತಿಕೊಂಡು ಒಳಗೆ ಬಂದಳು. ಡೋರಿಕಾ ಅತ್ತೆ ಮಾತ್ರ ಚಾಪೆಯ ಮೇಲೆ ಕುಳಿತು, ಕೋಳಿಯ ಕಾಲು ಕೈಯಲ್ಲಿ ಹಿಡಿದು, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು.

"ನಗೋಕೇನಾಯ್ತು ನಿನಗೆ?" ಎಂದು ಅಮ್ಮ ರೇಗಿದಳು.

"ಬನಾ ಲೊಂಬೆ, ನೀನು ಇಷ್ಟು ವರ್ಷ ನಮ್ಮ ಬೆಂಬಾ ಜನರ ಮನೇಲಿ ಸಂಸಾರ ಮಾಡಿ ಏನು ಕಲ್ತೆ? ನಮ್ಮಲ್ಲಿ ಅಳಿಯ ಆಗೋನು ಹೆಣ್ಣಿನ ಮನೇಲಿ ಗುಟುಕು ನೀರೂ ಮುಟ್ಟಲ್ಲ. ಹೆಣ್ಣಿನ ಕಡೆಯವರು ಒಂದು ದಿನ ಎಲ್ಲಾ ಅಡುಗೆ ಮಾಡಿ, ತಲೆ ಮೇಲೆ ಹೊತ್ಕೊಂಡು, ಹಾಡ್ತಾ ಹೋಗಿ, ನೋಡಪ್ಪ ಇದು ನಮ್ಮ ಒಲೆ, ಇನ್ನು ಮೇಲೆ ನಮ್ಮ ಮನೇಲಿ ಉಣ್ಣು ಅಂತ ಒಲೆ ತೋರಿಸ್ಬೇಕು. ಅಲ್ಲೀ ತನಕ ಉಪವಾಸ. ಹೆಣ್ಣಿನ ತಾಯಿ ಎದುರಿಗೆ ಬಂದ್ರೆ ಮುಖ ತಿರುಗಿಸಿ ದಾರಿ ಬಿಡೋದೇ ಮರ್ಯಾದೆ."

"ಒಲೆ ತೋರಿಸೋ ಹಬ್ಬ ನನಗೂ ಗೊತ್ತು. ಅದರ ಹಿಂದೆ ಈ ಉಪವಾಸ ಇರೋದು ಯಾರು ಹೇಳಿದ್ರು? ನಿನ್ನ ತಮ್ಮ ನನ್ನ ಕೇಳೋಕೆ ಚೋಮಾಗೆ ಬಂದ ದಿನವೇ ಮೂರು ಸಲ ಮುದ್ದೆ ಹಾಕಿಸ್ಕೊಂಡ."

"ಅವನು ಹೊಟ್ಟೆಬಾಕ. ಅವನ ಮಾತು ಬಿಡು. ಈ ಹುಡುಗನ್ನ ಸಾಕಿದ್ದು ಮುಂಗ್ವಿ ಹಳ್ಳಿಯ ಅಜ್ಜಿಯಂತೆ. ಹಳೇ ಕಾಲದ ಶಿಸ್ತು."

"ಆದ್ರೆ ಅವನು ನಮ್ಮ ಅಳಿಯ ಅಲ್ಲವಲ್ಲ. ಯಾರೂ ಹೆಣ್ಣು ಕೇಳೋಕೆ ಬಂದಿಲ್ಲ, ಯಾರೂ ಕೊಟ್ಟಿಲ್ಲ."

"ಅದೇ ನಾನೂ ನಗ್ತಿರೋದು," ಎಂದಳು ಅತ್ತೆ, ಸೆರಗಿನಂತೆ ಹೊದ್ದ ಬಟ್ಟೆಯ ತುದಿಯಿಂದ ಕಣ್ಣೊರೆಸಿಕೊಂಡು. "ಅದನ್ನ ಪಾಪ ಅವನಿಗೆ ಯಾರೂ ತಿಳಿಸಿಲ್ಲ."

ಅಮ್ಮ ಕುಳಿತುಕೊಂಡಳು. "ಮೊದಲೇ ಹೇಳಿದ್ರೆ ಕೋಳಿ ಉಳೀತಿತ್ತು," ಎಂದಳು. ಆಮೇಲೆ ಮಗಳ ಕಡೆ ತಿರುಗಿದಳು. "ಅವನ ಹೊಟ್ಟೆ ಹೇಳಿದ್ದಾಯ್ತು. ನಿಂದೇನು?"

ಲೊಂಬೆ ಹಿಂದಿನ ಕೋಣೆಗೆ ಹೋಗಿ ದೊಡ್ಡ ಫ್ರೀಜರಿನ ಮುಚ್ಚಳ ಎತ್ತಿ, ಆ ತಣ್ಣನೆಯ ಹಬೆಯೊಳಗೆ ಮುಖವಿಟ್ಟು ನಿಂತಳು. ಬೋಗುಣಿಯ ಮೇಲಿಂದ ತನ್ನನ್ನು ನೋಡಿದ ಆ ನೋಟ ಈಗ ಅವಳಿಗೆ ಅಕ್ಷರ ಅಕ್ಷರವಾಗಿ ತಿಳಿಯಿತು. ಮಾವಿನ ಐಸುಗಳ ಸಾಲಿನ ಮೇಲೆ ಅವಳು ಒಬ್ಬಳೇ ನಗುತ್ತಿದ್ದಳು.

"ಮುಚ್ಚಳ ಹಾಕೇ. ಕರೆಂಟ್ ಬೇರೆ ಹೋಗೋ ಹೊತ್ತು," ಎಂದು ಅಮ್ಮ ಕೂಗಿದಳು. ಮತ್ತೆ ಅತ್ತೆಗೆ, ತಗ್ಗಿದ ದನಿಯಲ್ಲಿ: "ಇವಳು ಬಾಯಿ ಬಿಡ್ತಾಳೆ ಅಂತೀಯಾ?"

"ಇವಳಿಗಿಂತ ಮೊದಲು ಆ ಫ್ರೀಜರ್ ಮಾತಾಡುತ್ತೆ," ಎಂದಳು ಅತ್ತೆ.

ಮೂರನೆಯ ಮನೆ ನೋಡಲು ಹೊರಟಾಗ ಅಮ್ಮ ತಡೆಯಲಿಲ್ಲ. ಅದು ಇದ್ದದ್ದು ಎನ್ಕಾನಾ ಈಸ್ಟಿನಲ್ಲಿ. ಗಣಿ ಕಂಪನಿಯ ಕಾಲದ ಹಳೆಯ ಮನೆ. ತಗಡಿನ ಮಾಡು, ಕೆಂಪು ಪಾಲಿಶ್ ನೆಲ, ಅಂಗಳದಲ್ಲಿ ಮನೆಗಿಂತ ವಯಸ್ಸಾದ ಮಾವಿನ ಮರ. ಮನೆಯೊಡತಿ ಎಂಡೋಲಾದಲ್ಲಿರುವ ಮಗಳ ಬಳಿಗೆ ಹೊರಟಿದ್ದ ಮುದುಕಿ. ಮರದ ಕೆಳಗೆ ಆಗಲೇ ಇನ್ನೊಂದು ಜೋಡಿ, ಗಂಡ ಹೆಂಡತಿ, ಕಾದು ನಿಂತಿದ್ದರು.

"ಮೊದಲು ಹೇಳಿ ಕಳಿಸಿದ್ದು ನೀವು, ಮೊದಲ ಮಾತು ನಿಮ್ದೇ," ಎಂದು ಮುದುಕಿ ಕಬಾಸೊಗೆ ಹೇಳಿದಳು. "ನೋಡಿ ಬನ್ನಿ. ಬೇಡ ಅಂದ್ರೆ ಇವರಿಗೆ ಕೊಡ್ತೀನಿ. ನನಗೆ ಸಂಜೆಯ ಬಸ್ಸಿದೆ."

ಡೋರಿಕಾ ಅತ್ತೆ ಜಗಲಿಯಲ್ಲಿ ಕುಳಿತು ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದಳು. ನಿದ್ದೆ ಬಂದವರ ಹಾಗೆ.

ಲೊಂಬೆ ಅಡುಗೆಮನೆಗೆ ಕಾಲಿಟ್ಟು ನಿಂತುಬಿಟ್ಟಳು. ಕಿಟಕಿ ಪೂರ್ವಕ್ಕಿತ್ತು. ಎಲೆಗಳ ಮೂಲಕ ಸೋಸಿ ಬಂದ ಬಿಸಿಲು ಎದುರಿನ ಗೋಡೆಯ ಮೇಲೆ ಅಲುಗುತ್ತಿತ್ತು. ಗೋಡೆಯ ಹಳೆಯ ಸುಣ್ಣ ಬಿರುಕು ಬಿಟ್ಟಿತ್ತು, ಹೊಗೆಯ ಕಪ್ಪು ಹಿಡಿದಿತ್ತು. ಆದರೂ ಅವಳ ಬೆರಳುಗಳು ತಾವಾಗಿಯೇ ಹೋಗಿ ಅದನ್ನು ಸವರಿದವು. ಇಲ್ಲಿ ಹಲಗೆ. ಇಲ್ಲಿ ಪಾತ್ರೆ.

ಕಬಾಸೊ ಬಾಗಿಲಿನ ಚೌಕಟ್ಟಿಗೆ ಒರಗಿ ಅವಳ ಬೆರಳನ್ನು ನೋಡುತ್ತಿದ್ದ. ಇವತ್ತು ಅವನು ಛೇಡಿಸಲಿಲ್ಲ.

"ಮನೆ ಚೆನ್ನಾಗಿದೆ ಅಲ್ವಾ?" ಎಂದ.

"ಹೂಂ."

"ನಿಮ್ಮಮ್ಮ ಮೊನ್ನೆ ಗೇಟು ಹಾಕಿದ ಸದ್ದು ನನ್ನ ಕಿವಿಲಿ ಇನ್ನೂ ಇದೆ."

"ನೀವು ಕೋಳಿ ಮುಟ್ಟಲಿಲ್ಲ. ಅದಕ್ಕೆ."

"ಮುಟ್ಟೋ ಹಾಗಿರಲಿಲ್ಲ."

"ಯಾಕೆ?" ಎಂದಳು ಲೊಂಬೆ. ಉತ್ತರ ಗೊತ್ತಿತ್ತು. ಅವನ ಬಾಯಿಂದ ಕೇಳಬೇಕಿತ್ತು.

ಅವನ ಕೈ ಕತ್ತಿನ ಹಿಂದಕ್ಕೆ ಹೋಯಿತು. ಈ ಸಲ ನಗು ಇರಲಿಲ್ಲ.

"ನಮ್ಮಜ್ಜಿ ಹೇಳೋರು, ಯಾವ ಮನೆ ಹುಡುಗಿನ ಕೇಳಬೇಕು ಅಂತ ಮನಸ್ಸು ಮಾಡ್ತೀಯೋ ಆ ಮನೇಲಿ ಅವತ್ತಿಂದಲೇ ಬಾಯಿ ಕಟ್ಟು ಅಂತ. ನಾನು ಕಟ್ಟಿದೆ. ಮೊದಲ ಸಲ ನಿಮ್ಮ ಗೇಟಿಗೆ ಬಂದಾಗ, ನೀವು ಚಿಲ್ಲರೆ ಕೊಡುವಾಗ ನೆಲ ನೋಡ್ಕೊಂಡೇ 'ಕರಗೋ ಮೊದಲು ತಿನ್ನಿ' ಅಂದ್ರಲ್ಲ, ಅವತ್ತಿಂದ." ಅವನು ನಿಟ್ಟುಸಿರು ಬಿಟ್ಟ. "ಮನೆಯೇ ಇಲ್ಲದೆ ಹಿರಿಯರನ್ನ ಯಾವ ಮುಖ ಇಟ್ಕೊಂಡು ಕಳಿಸಲಿ ಅಂತ ಮನೆ ಹುಡುಕೋಕೆ ಶುರು ಮಾಡಿದೆ. ಆದ್ರೆ ತಪ್ಪು ನಂದೇ. ನಿಮ್ಮನ್ನ ಒಂದು ಮಾತು ಕೇಳದೆ ನನಗೆ ನಾನೇ ಅಳಿಯ ಆಗಿಬಿಟ್ಟೆ. ನೀವು ನನ್ನ ಜೊತೆ ಬಂದ್ರಿ, ಗೋಡೆ ಬಗ್ಗೆ, ಪರದೆ ಬಗ್ಗೆ ಮಾತಾಡಿದ್ರಿ. ನನ್ನ ಬಗ್ಗೆ ಏನೂ ಹೇಳಲಿಲ್ಲ. ಹೇಳಬೇಕು ಅಂತಲೂ ಇಲ್ಲ."

ಲೊಂಬೆ ಬಾಯಿ ತೆರೆದಳು. ಹೇಳಬೇಕೆಂದಿದ್ದ ವಾಕ್ಯಗಳೆಲ್ಲ ಡೈರಿಯಲ್ಲಿ ಚೆನ್ನಾಗಿ ಕಾಣುವಂಥವು. ನಾಲಿಗೆಯ ಮೇಲೆ ಒಂದೂ ನಿಲ್ಲಲಿಲ್ಲ. ಅವನು ಒಂದು ಗಳಿಗೆ ಕಾದ. ಮತ್ತೊಂದು ಗಳಿಗೆ ಕಾದ.

"ಪರವಾಗಿಲ್ಲ," ಎಂದ ಮೃದುವಾಗಿ. "ಒಬ್ಬನಿಗೆ ಈ ಮನೆ ದೊಡ್ಡದಾಯ್ತು. ಅವರಾದ್ರೂ ಇಬ್ಬರಿದಾರೆ."

ಅವನು ತಿರುಗಿ ಅಂಗಳಕ್ಕಿಳಿದ. ಅವನ ನೆರಳು ಕೆಂಪು ನೆಲವನ್ನು ದಾಟಿ, ಹೊಸ್ತಿಲು ದಾಟಿ ಹೋಗುವುದನ್ನು ಲೊಂಬೆ ನೋಡಿದಳು. ಮರದ ಕೆಳಗಿನ ಜೋಡಿ ಆಸೆಯಿಂದ ತಲೆಯೆತ್ತಿತು. ಮುದುಕಿ ಬೀಗದ ಕೈಯ ಗೊಂಚಲು ಹಿಡಿದು ಎದ್ದು ನಿಂತಳು. "ಅಮ್ಮಾ, ಈ ಮನೆ..." ಎಂದು ಕಬಾಸೊ ಶುರುಮಾಡಿದ.

ಲೊಂಬೆ ಯಾವಾಗ ಹೊರಗೆ ಬಂದಳೋ ಅವಳಿಗೇ ತಿಳಿಯಲಿಲ್ಲ. ಚಪ್ಪಲಿಯೊಂದು ಅಡುಗೆಮನೆಯಲ್ಲಿಯೇ ಉಳಿದಿತ್ತು. ಒಂದು ಕಾಲಿಗೆ ಮಣ್ಣು ಸುಡುತ್ತಿತ್ತು. ಎಲ್ಲರೂ ಅವಳನ್ನು ನೋಡುತ್ತಿದ್ದರು: ಮುದುಕಿ, ಅಪರಿಚಿತ ಗಂಡ, ಅಪರಿಚಿತ ಹೆಂಡತಿ, ಕೊಡೆಯ ಅಂಚಿನಿಂದ ಅತ್ತೆಯ ಒಂದು ಕಣ್ಣು. ಇಷ್ಟು ಜನ ಒಟ್ಟಿಗೆ ನೋಡಿದರೆ ಅವಳು ಸಾಮಾನ್ಯವಾಗಿ ಒಳಗೆ ಓಡುವವಳು.

"ಕೊಡಬೇಡಿ ಅಮ್ಮಾ," ಎಂದಳು. ಮುದುಕಿಯನ್ನು ಬಿಟ್ಟು, ಮರವನ್ನು ಬಿಟ್ಟು, ನೆಲವನ್ನೂ ಬಿಟ್ಟು, ಅವನ ಮುಖವನ್ನೇ ನೇರವಾಗಿ ನೋಡಿದಳು. ಎಲ್ಲರಿಗೂ ಕೇಳುವಂತೆ ಹೇಳಿದಳು:

"ಇವರ ಜೊತೆ ಬಾಳಬೇಕು ಅಂತ ನನಗೆ ಆಸೆ ಇದೆ."